ಬುಡ್ಡಿ ಸದಾ ತುಂಬಿರಲಿ

ಮಾಗಿದ ದ್ರಾಕ್ಷಿಯ ವಾಸನೆ ನನಗೆ ಇವತ್ತಿಗೂ ಆಗಿಬರುವುದಿಲ್ಲ. ಮನೆಗೆ ಯಾರಾದರೂ ದ್ರಾಕ್ಷಿ ತಂದರೆ ಹಿತ್ತಿಲ ಕಟ್ಟೆಯ ಮೇಲೆ ಇಡಿಸುತ್ತೇನೆ. ಅಜ್ಜಿಗೆ ಒಂದು ನಟ್ಟು ಸಡಿಲ ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ. ನಾನು ಆ ವಾಸನೆಯನ್ನು ಕಲಿತದ್ದು ತೋಟದಲ್ಲಲ್ಲ, ಗಾಜಿನ ತಟ್ಟೆಯೊಂದರ ಮುಚ್ಚಳ ತೆಗೆದು ಮೂಗಿಗೆ ಹಿಡಿದಾಗ. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ದಾರಿಯಲ್ಲಿ ಆಗ ಒಂದು ಸಣ್ಣ ಧರ್ಮಾರ್ಥ ಆಸ್ಪತ್ರೆ ಇತ್ತು. ಎಂಬತ್ತರ ದಶಕದ ನಡುವಿನ ಕೆಲವು ವರ್ಷ ನಾನು ಅಲ್ಲಿ ಲ್ಯಾಬ್ ಟೆಕ್ನೀಶಿಯನ್ ಆಗಿದ್ದೆ. ಆ ಆಸ್ಪತ್ರೆ ಮುಚ್ಚಿ ಬಹಳ ಕಾಲವಾಯಿತು, ಆದ್ದರಿಂದ ಈಗ ಬರೆದರೆ ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ.

ನಮ್ಮಲ್ಲಿ ಉಸಿರಾಟದ ಯಂತ್ರ ಒಂದಿತ್ತು. ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಬೇರೆಲ್ಲೂ ಇಲ್ಲ ಎಂಬ ಜಂಬವೂ ಅದರ ಜೊತೆಗೇ ಇತ್ತು. ಹೊರದೇಶದ ಯಾವುದೋ ಆಸ್ಪತ್ರೆ ಹೊಸದು ತಂದುಕೊಂಡು ಹಳೆಯದನ್ನು ನಮಗೆ ದಾನ ಮಾಡಿತ್ತು. ಆಮ್ಲಜನಕದ ಸಿಲಿಂಡರಿನ ಒತ್ತಡದಲ್ಲೇ ನಡೆಯುವ ಯಂತ್ರ. ಗಾಳಿ ರೋಗಿಯ ಎದೆಗೆ ಹೋಗುವ ಮುಂಚೆ ಬೆಚ್ಚಗಿನ ನೀರು ತುಂಬಿದ ಗಾಜಿನ ಜಾಡಿಯೊಂದರಲ್ಲಿ ಗುಳುಗುಳು ಎಂದು ಹಾದುಹೋಗುತ್ತಿತ್ತು. ಒಣ ಗಾಳಿ ಹೋದರೆ ಉಸಿರಿನ ಕೊಳವೆ ಒಣಗಿ ಕಫ ಗಟ್ಟಿಯಾಗುತ್ತದೆ, ಅದಕ್ಕೆ. ವಾರ್ಡಿನವರು ಆ ಜಾಡಿಗೆ ಬುಡ್ಡಿ ಎನ್ನುತ್ತಿದ್ದರು. ಅದಕ್ಕೆ ಬೇಕಾದ ನೀರನ್ನು ಭಟ್ಟಿ ಇಳಿಸಿ ಕ್ಯಾನಿಗೆ ತುಂಬಿ ಕೊಡುವ ಕೆಲಸ ನನ್ನದು.

ಯಂತ್ರದ ಕೆಲಸವೆಲ್ಲ ಹೆಚ್ಚಾಗಿ ಹಾವು ಕಡಿದವರಿಗೆ. ಭದ್ರಾ ನಾಲೆ ಬಂದ ಮೇಲೆ ಗದ್ದೆ ಹೆಚ್ಚಾಯಿತು, ಗದ್ದೆಗೆ ಇಲಿ, ಇಲಿಗೆ ಕಟ್ಟುಹಾವು. ನೆಲದ ಮೇಲೆ ಮಲಗಿದವರನ್ನು ಅದು ಕಡಿದರೆ ನೋವಿಲ್ಲ, ಊತವಿಲ್ಲ. ಬೆಳಗ್ಗೆ ಏಳುವಾಗ ರೆಪ್ಪೆ ಜೋತು ಬೀಳುತ್ತದೆ, ನುಂಗಲು ಬರುವುದಿಲ್ಲ, ಸ್ವಲ್ಪ ಹೊತ್ತಿಗೆ ಉಸಿರೂ ನಿಲ್ಲುತ್ತದೆ. ಆದರೆ ನಾಲ್ಕೈದು ದಿನ ಯಂತ್ರದಿಂದ ಉಸಿರು ಕೊಟ್ಟರೆ ವಿಷ ತಾನಾಗಿ ಇಳಿದು ರೋಗಿ ಎದ್ದು ಮನೆಗೆ ನಡೆಯುತ್ತಾನೆ. ಮೊದಲ ವರ್ಷ ಹಾಗೆ ನಡೆದುಹೋದವರಿದ್ದರು. ನಮ್ಮ ಡಾಕ್ಟರು ಚನ್ನಗಿರಿ ಕಡೆಯವರು, ಅರಿವಳಿಕೆ ಕೊಡುವುದನ್ನು ಓದಿದವರು, ಆ ಯಂತ್ರವನ್ನು ಬಲ್ಲ ಒಬ್ಬರೇ ಒಬ್ಬರು. ಆ ವರ್ಷ ಅವರ ನಡಿಗೆಯೇ ಬದಲಾಗಿತ್ತು.

ಎರಡನೆಯ ಮಳೆಗಾಲದಲ್ಲಿ ಸಾಲಾಗಿ ಮೂವರು ತೀರಿಕೊಂಡರು. ಮೂವರದೂ ಒಂದೇ ಕಥೆ. ವಿಷ ಇಳಿಯುತ್ತಿದೆ, ಬೆರಳು ಆಡುತ್ತಿದೆ ಎನ್ನುವಷ್ಟರಲ್ಲಿ ನಾಲ್ಕನೆಯ ದಿನಕ್ಕೋ ಐದನೆಯ ದಿನಕ್ಕೋ ಜ್ವರ, ಕೊಳವೆಯಿಂದ ಎಳೆದರೆ ಹಸಿರು ಕಫ, ಆಮೇಲೆ ಮುಗಿಯಿತು. ಮೂವರ ಸಾವಿನ ಕಾಗದದಲ್ಲೂ ಹಾವು ಕಡಿತ ಎಂದೇ ಬರೆದರು. ಮೂರನೆಯವರ ಹೆಣ ಹೊರಗೆ ಹೋದ ದಿನ ಡಾಕ್ಟರು ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕುಳಿತರು.

"ಇವ್ರನ್ನ ಹಾವು ಕೊಂದಿಲ್ಲಮ್ಮ. ನ್ಯುಮೋನಿಯಾ ಕೊಂದೈತೆ. ಅದು ಇಲ್ಲೇ ಅಂಟಿದ್ದು. ಕಫ ಕಲ್ಚರ್ ಮಾಡು."

ಕಲ್ಚರ್ ಎಂದರೆ ರೋಗಾಣುವಿಗೆ ಊಟ ಹಾಕಿ ಬೆಳೆಸಿ ಅದರ ಮುಖ ನೋಡುವುದು. ನಮ್ಮಲ್ಲಿ ಅದಕ್ಕೆ ಬೇಕಾದ ಸಾಮಾನೆಲ್ಲ ಇರಲಿಲ್ಲ. ಹೊನ್ನಾಳಿಯ ಮಟನ್ ಅಂಗಡಿಗೆ ಬೆಳಗ್ಗೆ ಬೇಗ ಹೋಗಿ, ಗಾಜಿನ ಮಣಿ ಹಾಕಿದ ಶುದ್ಧ ಬಾಟಲಿಯಲ್ಲಿ ಕುರಿಯ ರಕ್ತ ಹಿಡಿದು, ಹೆಪ್ಪುಗಟ್ಟದಂತೆ ಅಲ್ಲೇ ನಿಂತು ಕುಲುಕುತ್ತಿದ್ದೆ. ಜಗಳೂರಿನ ಮೇಷ್ಟ್ರ ಮಗಳಾದ ನಾನು ಕಸಾಯಿ ಅಂಗಡಿ ಮುಂದೆ ನಿಂತು ಬಾಟಲಿ ಕುಲುಕುವುದನ್ನು ನೋಡಲು ಎದುರಿನ ಹೋಟೆಲಿನವರು ಟೀ ಲೋಟ ಹಿಡಿದು ಹೊರಗೆ ಬರುತ್ತಿದ್ದರು. ರಕ್ತವನ್ನು ಅಗರ್ ಎಂಬ ಗಂಜಿಯಲ್ಲಿ ಬೆರೆಸಿ ತಟ್ಟೆಗೆ ಹೊಯ್ದು, ಆರಿದ ಮೇಲೆ ಕಫದ ಗೆರೆ ಎಳೆದು, ಮೈಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿ ಒಂದು ದಿನ ಇಡಬೇಕು.

ಸತ್ತವರ ಕಫ ಇನ್ನೂ ಬಾಟಲಿಯಲ್ಲಿತ್ತು. ಮರುದಿನ ತಟ್ಟೆ ತೆಗೆದರೆ ಹಸಿರು ಹೊಳಪು, ಮಾಗಿದ ದ್ರಾಕ್ಷಿಯ ವಾಸನೆ. ಸ್ಯೂಡೊಮೊನಾಸ್. ನೀರಿರುವಲ್ಲೆಲ್ಲ ಬದುಕುವ ಜೀವಿ. ಗಟ್ಟಿಮುಟ್ಟಾದವರಿಗೆ ಏನೂ ಮಾಡದು, ಬಾಯಿಗೆ ಕೊಳವೆ ಹಾಕಿಸಿಕೊಂಡು ಮಲಗಿದವರ ಎದೆಗೆ ಇಳಿದರೆ ಮಾತ್ರ ಬಿಡದು. ಅದನ್ನು ಹೊಸ ತಟ್ಟೆಯಲ್ಲಿ ಹರಡಿ ನಮ್ಮಲ್ಲಿದ್ದ ಆರೂ ಔಷಧಿಗಳಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟೆ. ಬಿಲ್ಲೆಯ ಸುತ್ತ ಬೋಳಾದರೆ ಆ ಔಷಧಿ ನಾಟುತ್ತದೆ ಎಂದರ್ಥ. ಆರರಲ್ಲಿ ಯಾವುದರ ಸುತ್ತಲೂ ಬೋಳಾಗಲಿಲ್ಲ. ಜೆಂಟಾಮೈಸಿನ್ ಬಿಲ್ಲೆಯನ್ನಂತೂ ಅದು ಅಂಚಿನವರೆಗೂ ಬಂದು ಮುತ್ತಿತ್ತು. ಮುತ್ತದೆ ಏನು ಮಾಡೀತು? ಒಂದು ವರ್ಷದಿಂದ ಆ ವಾರ್ಡಿಗೆ ಕಾಲಿಟ್ಟವರಿಗೆಲ್ಲ, ರೋಗ ಇರಲಿ ಬಿಡಲಿ, ಅಕ್ಷತೆ ಹಾಕಿದ ಹಾಗೆ ಜೆಂಟಾಮೈಸಿನ್ ಚುಚ್ಚಿದ್ದೆವು. ಕುರಿ ಕಾಯಲು ಸಾಕಿದ ನಾಯಿಗೆ ತೋಳ ಹೆದರುವುದನ್ನೇ ಬಿಟ್ಟಿತ್ತು.

ಈ ಫಲಿತಾಂಶ ಕೈಯಲ್ಲಿ ಹಿಡಿದು ವಾರ್ಡಿಗೆ ಹೋದರೆ ಯಂತ್ರದ ಮಂಚದಲ್ಲಿ ಆಗಲೇ ನಾಲ್ಕನೆಯವಳಿದ್ದಳು. ಬಸವಾಪಟ್ಟಣದವಳು, ಇಪ್ಪತ್ತೈದರ ಆಸುಪಾಸು. ಬೆಳಗಿನ ನಮಾಜಿಗೆ ಎದ್ದ ಗಂಡ ಅವಳ ರೆಪ್ಪೆ ಮೇಲೇಳದ್ದನ್ನು ಕಂಡು, ಸಿಕ್ಕ ಲಾರಿ ಹತ್ತಿಸಿಕೊಂಡು ಬಂದಿದ್ದರು. ಗಂಡನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪು. ಗ್ರೀಸಿನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ಯಂತ್ರವನ್ನೇ ನೋಡುತ್ತಿದ್ದರು.

"ಎಷ್ಟು ದಿನ ಬೇಕ್ರೀ ಸಾಹೇಬ್ರೆ?" ಎಂದು ಡಾಕ್ಟರನ್ನು ಕೇಳಿದರು.

"ಐದಾರು ದಿನ. ವಿಷ ಇಳೀತೈತೆ ಸಾಬ್ರೆ. ಅಲ್ಲಿ ತನಕ ಉಸಿರು ಈ ಮಿಷನ್ನಿಂದ."

"ಮಿಷನ್ ಚಲೋ ಐತ್ರಿ. ಒಂದೇ ತಾಳದಾಗೆ ಹೊಡೀತೈತೆ," ಎಂದರು ಅವರು, ಕಸುಬುದಾರನೊಬ್ಬ ಮತ್ತೊಬ್ಬನ ಕೆಲಸ ಮೆಚ್ಚುವ ಹಾಗೆ.

ಡಾಕ್ಟರು ನನ್ನನ್ನು ಬಾಗಿಲ ಹೊರಗೆ ಕರೆದರು. ಕಾಗದ ನೋಡಿ ಮಡಚಿದರು. "ಔಷಧಿಯಿಂದ ಇದನ್ನ ಗೆಲ್ಲಾಕೆ ಆಗಲ್ಲ. ಅಂಟದ ಹಂಗೆ ನೋಡ್ಕೊಬೇಕು ಅಷ್ಟೆ. ಎಲ್ಲಿಂದ ಬರ್ತೈತೆ ಹುಡುಕು. ನಾಲ್ಕನೇ ದಿನದೊಳಗೆ ಸಿಕ್ಕಿದ್ರೆ ಈ ಹುಡುಗಿ ಉಳೀತಾಳೆ."

ಆ ಮಧ್ಯಾಹ್ನವೇ ಶುರು ಮಾಡಿದೆ. ಹತ್ತಿ ಸುತ್ತಿದ ಕಡ್ಡಿಗಳ ಕಟ್ಟು ಹಿಡಿದು ಸಿಸ್ಟರುಗಳ ಕೈ, ಕಫ ಎಳೆಯುವ ರಬ್ಬರ್ ಕೊಳವೆ, ಅದನ್ನು ಅದ್ದಿಡುವ ಬೋಗುಣಿ, ಕೈ ತೊಳೆಯುವ ನಲ್ಲಿ, ಔಷಧಿ ನೀರಿನ ಬಾಟಲಿ, ಮಂಚದ ಸರಳು, ಒಂದನ್ನೂ ಬಿಡದೆ ಒರೆಸಿ ತಟ್ಟೆಗೆ ಹಚ್ಚಿದೆ. ವಾರ್ಡಿನ ದೊಡ್ಡ ಸಿಸ್ಟರಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ಏನೇ, ನಮ್ ಕೈ ಒರೆಸ್ತೀಯಾ? ನಾಳೆ ನಾಲಿಗೆ ಒರೆಸ್ತೀಯಾ?" ಎಂದರು. ಒರೆಸಿದರೂ ಒರೆಸಿದೆನೇ, ಆ ನಾಲಿಗೆಯಲ್ಲಿ ಏನು ಬೆಳೆಯುತ್ತದೋ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮರುದಿನ ಬೆಳಗ್ಗೆ ಹೋದರೆ ಕರೆಂಟು ಹೋಗಿ ಪೆಟ್ಟಿಗೆ ತಣ್ಣಗಾಗಿತ್ತು. ತಟ್ಟೆಗಳ ಮೇಲೆ ಬೂಷ್ಟು ಬಂದಿತ್ತು, ಬಾಟಲಿಯಲ್ಲಿ ಉಳಿದ ರಕ್ತವೂ ಕೆಟ್ಟಿತ್ತು. ಒಂದು ದಿನ ನೀರಿನಲ್ಲಿ ಹೋಮವಾಯಿತು. ಮತ್ತೆ ಹೊನ್ನಾಳಿಗೆ ಬಸ್ಸು, ಮತ್ತೆ ರಕ್ತ, ಮತ್ತೆ ಗಂಜಿ, ಮತ್ತೆ ಎಲ್ಲರ ಕೈ. ಈ ಸಲ ತಟ್ಟೆಗಳನ್ನು ಹಳೆಯ ಕೌದಿಯಲ್ಲಿ ಸುತ್ತಿ ಅಕ್ಕಪಕ್ಕ ಬಿಸಿನೀರಿನ ಬಾಟಲಿ ಇಟ್ಟು, ಕರೆಂಟು ಹೋದಾಗಲೆಲ್ಲ ನೀರು ಬದಲಾಯಿಸಿದೆ. ಬಾಣಂತಿ ಆರೈಕೆಯೂ ಅಷ್ಟು ಚೆನ್ನಾಗಿ ಮಾಡಿರಲಾರೆ.

ಮೂರನೆಯ ದಿನ ತಟ್ಟೆ ಓದಿದೆ. ಕೈಗಳಲ್ಲಿ ಎಲ್ಲರ ಚರ್ಮದಲ್ಲೂ ಇರುವ ಸಾಮಾನ್ಯ ಜೀವಿಗಳು. ನಲ್ಲಿಯಲ್ಲಿ ಏನಿಲ್ಲ. ಬೋಗುಣಿಯಲ್ಲಿ ಎರಡೋ ಮೂರೋ ಹಸಿರು ಚುಕ್ಕೆ, ಅವು ರೋಗಿಯಿಂದ ಬೋಗುಣಿಗೆ ಬಂದವೋ ಬೋಗುಣಿಯಿಂದ ರೋಗಿಗೆ ಹೋಗುವವೋ ಹೇಳಲಾಗದು. ತಲೆ ಕೆಟ್ಟು ವಾರ್ಡಿಗೆ ಹೋದೆ. ದೊಡ್ಡ ಸಿಸ್ಟರು ಕಫದ ಬಾಟಲಿ ಎತ್ತಿ ತೋರಿಸಿದರು. ನಿನ್ನೆ ಬೆಳ್ಳಗಿದ್ದದ್ದು ಇವತ್ತು ಹಳದಿ ತಿರುಗಿ ಅಂಚಿಗೆ ಹಸಿರು ಬಂದಿತ್ತು. ಮೈ ಮುಟ್ಟಿದರೆ ಕೆಂಡ. ಅವಳ ಅತ್ತೆ ಕಾಲ ಬಳಿ ಕುಳಿತು ತುಟಿಯಲ್ಲೇ ದುವಾ ಹೇಳಿಕೊಳ್ಳುತ್ತಿದ್ದರು. ಗಂಡ ನನ್ನ ಮುಖ ನೋಡಿದರು. ನಾನು ಯಂತ್ರದ ಕಡೆ ಮುಖ ತಿರುಗಿಸಿದೆ.

ಆಗಲೇ ಕಂಡದ್ದು. ಬುಡ್ಡಿಯ ನೀರು ಗುಳುಗುಳು ಎನ್ನುತ್ತಿತ್ತು. ವಾರ್ಡಿನ ಆಯಾ ನನ್ನ ಕ್ಯಾನಿನಿಂದ ಲೋಟದಲ್ಲಿ ನೀರು ತಂದು ಅದಕ್ಕೆ ಹೊಯ್ಯುತ್ತಿದ್ದಳು. ಈ ಆಯಮ್ಮ ನ್ಯಾಮತಿಯವಳು, ಐವತ್ತು ದಾಟಿದವಳು, ರೋಗಿಯ ಮಲಮೂತ್ರ ಬಳಿಯುವಾಗಲೂ ಮುಖ ಸಿಂಡರಿಸದ ಜೀವ. ವಾರ್ಡಿನಲ್ಲಿ ನಾನು ಒರೆಸದೆ ಬಿಟ್ಟದ್ದು ಒಂದೇ, ಆ ಬುಡ್ಡಿಯ ನೀರು. ಯಾಕೆ ಬಿಟ್ಟೆ? ಅದು ನನ್ನ ನೀರು. ನಾನೇ ಭಟ್ಟಿ ಇಳಿಸಿದ್ದು, ನಾನೇ ಕ್ಯಾನು ತುಂಬಿದ್ದು, ಅದರಲ್ಲಿ ಏನಿದ್ದೀತು ಎಂಬ ಸೊಕ್ಕು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸಿದರಂತೆ. ಎರಡು ದಿನ ನಾನು ಮಾಡಿದ್ದು ಅದೇ.

ಬುಡ್ಡಿಯಿಂದ ಒಂದು, ನನ್ನ ಕ್ಯಾನಿನಿಂದ ಒಂದು, ಎರಡು ತಟ್ಟೆ ಹಚ್ಚಿದೆ. ನಾಲ್ಕನೆಯ ದಿನ ಬೆಳಗ್ಗೆ ಕೌದಿ ಬಿಚ್ಚಿದೆ. ಕ್ಯಾನಿನ ತಟ್ಟೆ ಸ್ವಚ್ಛ. ಬುಡ್ಡಿಯ ತಟ್ಟೆ ಅಂಚಿನಿಂದ ಅಂಚಿಗೆ ಹಸಿರು, ಮುಚ್ಚಳ ತೆಗೆಯುವ ಮೊದಲೇ ದ್ರಾಕ್ಷಿಯ ವಾಸನೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ಕ್ಷಣ ನನಗಾದದ್ದು ಸಂತೋಷ. ಅಲ್ಲೊಬ್ಬಳು ಸಾಯುತ್ತಿದ್ದಳು, ನಾನು ಇಲ್ಲಿ ಕ್ಯಾನಿನ ತಟ್ಟೆ ನೋಡಿ ನನ್ನ ನೀರು ಶುದ್ಧ, ನಾನಲ್ಲ ಎಂದು ಹಿಗ್ಗಿದೆ. ಆ ಹಿಗ್ಗಿನಲ್ಲೇ ದಡದಡ ನಡೆದು ಆಯಮ್ಮನ ಮುಂದೆ ನಿಂತೆ.

"ಆಯಮ್ಮ, ಈ ಬುಡ್ಡಿ ತೊಳೆದು ಎಷ್ಟು ದಿನ ಆಯ್ತು?"

"ತೊಳೆಯಾದಾ? ತೊಳೀಬೇಕಂದ್ರೆ ಖಾಲಿ ಮಾಡ್ಬೇಕಲ್ರೀ ಅಕ್ಕಾರೆ."

"ಮಾಡ್ಬೇಕು ಮತ್ತೆ. ದಿನಾ ಮಾಡ್ಬೇಕು. ಹಳೇ ನೀರಿನ ಮೇಲೆ ಹೊಸ ನೀರು ಹೊಯ್ತಾ ಹೋದ್ರೆ ಏನಾಗುತ್ತೆ ಗೊತ್ತಾ?"

ಅವಳು ಮಿಕಿಮಿಕಿ ನೋಡಿ ಗೋಡೆಯ ಕಡೆ ಕೈ ತೋರಿಸಿದಳು. "ನೀವೇ ಬರ್ದು ಅಂಟಿಸಿದ್ದು ಅಕ್ಕಾರೆ. ನಂಗೆ ಓದಾಕೆ ಬರಲ್ಲ, ಆದ್ರೆ ಅದ್ರಾಗೆ ಏನೈತೆ ಗೊತ್ತು."

ಮಂಚದ ತಲೆಯ ಮೇಲಿನ ಗೋಡೆಯಲ್ಲಿ ರಟ್ಟಿನ ಮೇಲೆ ದುಂಡಗೆ, ದೊಡ್ಡದಾಗಿ, ನನ್ನದೇ ಅಕ್ಷರ: ಬುಡ್ಡಿ ಸದಾ ತುಂಬಿರಲಿ.

ಯಂತ್ರ ಬಂದ ಹೊಸದರಲ್ಲಿ ಅದರ ಜೊತೆ ಬಂದ ಪುಸ್ತಕದ ಸೂಚನೆಗಳನ್ನು ಆಯಾಗಳಿಗೆಂದು ಕನ್ನಡಕ್ಕೆ ಬರೆದುಕೊಡಲು ಡಾಕ್ಟರು ನನಗೆ ಹೇಳಿದ್ದರು. ದಿನಕ್ಕೊಮ್ಮೆ ಖಾಲಿ ಮಾಡಿ, ಕುದಿಯುವ ನೀರಿನಲ್ಲಿ ತೊಳೆದು, ಒಣಗಿಸಿ, ಹೊಸ ನೀರು ತುಂಬಿ ಎಂದು ಪುಸ್ತಕದಲ್ಲಿತ್ತು. ನಾನೂ ಮೊದಲು 'ದಿನವೂ ಖಾಲಿ ಮಾಡಿ' ಎಂದೇ ಬರೆದಿದ್ದೆ. ಆಯಮ್ಮ ಓದಿಸಿಕೊಂಡು ಕೇಳಿ ಕೈ ಹಿಡಿದುಕೊಂಡಿದ್ದಳು. "ಖಾಲಿ ಅಂತ ರೋಗಿ ತಲೆ ಮ್ಯಾಲೆ ಬರೀಬ್ಯಾಡ್ರಿ ಅಕ್ಕಾರೆ. ಊರಿಗೆ ಹೊಂಟಾಗ ಖಾಲಿ ಕೊಡ ಎದುರು ಬಂದ್ರೆ ವಾಪಸ್ ಮನಿಗೆ ಬರ್ತೀವಿ. ಇಲ್ಲಿ ಜೀವ ಹೋಗ್ಲೋ ಇರ್ಲೋ ಅಂತ ಹೊಸ್ತಿಲ ಮ್ಯಾಲೆ ನಿಂತಿರ್ತೈತೆ." ನಾನು ನಕ್ಕೆ. ಮುದುಕಿಯ ಮನಸ್ಸು ಯಾಕೆ ನೋಯಿಸಲಿ, ತೊಳೆಯುವುದು ಹೇಗೂ ಸಿಸ್ಟರಿಗೆ ಗೊತ್ತಿರುತ್ತದೆ ಎಂದುಕೊಂಡು ಆ ರಟ್ಟು ಹರಿದು ಹೊಸದು ಬರೆದೆ. ತೊಳೆಯುವುದು ಆಯಾಳ ಕೆಲಸ ಎಂದು ಸಿಸ್ಟರು ತಿಳಿದಿದ್ದರು. ಹೀಗೆ ಒಂದು ವರ್ಷಕ್ಕೂ ಮೇಲೆ ಆ ಬುಡ್ಡಿಯ ತಳವನ್ನು ಯಾರೂ ಕಂಡಿರಲಿಲ್ಲ. ಮಂಚ ಖಾಲಿ ಇದ್ದಾಗಲೂ ಆಯಮ್ಮ ಅದನ್ನು ಮನೆಯ ತುಂಬಿದ ಕೊಡದ ಹಾಗೆ ನೋಡಿಕೊಂಡಿದ್ದಳು. ಬೆಚ್ಚಗಿನ ನೀರು, ನಿಂತ ನೀರು, ಮೇಲೆ ಜೆಂಟಾಮೈಸಿನ್ ತಿಂದು ಗಟ್ಟಿಯಾದ ರೋಗಾಣು. ಯಂತ್ರ ಅದನ್ನು ಒಂದೇ ತಾಳದಲ್ಲಿ ಎದೆಯೊಳಗೆ ಊದುತ್ತಿತ್ತು.

ತಟ್ಟೆಯನ್ನು ಡಾಕ್ಟರ ಮುಂದಿಟ್ಟು ರಟ್ಟಿನ ಕಥೆಯನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಪುಸ್ತಕ ನಾನೂ ಓದಿದ್ದೆ," ಎಂದಷ್ಟೇ ಹೇಳಿ ವಾರ್ಡಿಗೆ ಎದ್ದರು.

ಬುಡ್ಡಿ ಒಂದನ್ನೇ ಬದಲಾಯಿಸಿದರೆ ಸಾಲದು. ಮಡಿಕೆ ಮಡಿಕೆಯ ರಬ್ಬರ್ ಕೊಳವೆಗಳ ಒಳಗೆ, ಯಂತ್ರದ ಕವಾಟಗಳಲ್ಲಿ, ಎಲ್ಲ ಕಡೆ ಅದೇ ಪಸೆ. ಬೇರೆ ಕೊಳವೆ ನಮ್ಮಲ್ಲಿಲ್ಲ. ಎಲ್ಲವನ್ನೂ ಬಿಚ್ಚಿ ಕುದಿಸಿ ಫಾರ್ಮಲಿನ್ ಹೊಗೆಯಲ್ಲಿಟ್ಟು ಗಾಳಿಗೆ ಆರಿಸಲು ಕನಿಷ್ಠ ಎರಡು ದಿನ. ಅಷ್ಟು ಹೊತ್ತು ಅವಳಿಗೆ ಉಸಿರು? ಕೈಯಿಂದ ಒತ್ತುವ ರಬ್ಬರ್ ಚೀಲವೊಂದಿತ್ತು, ಆಪರೇಷನ್ ಕೋಣೆಯಲ್ಲಿ ಐದು ಹತ್ತು ನಿಮಿಷಕ್ಕೆ ಬಳಸುವಂಥದ್ದು.

"ಎರಡು ದಿನ ಕೈಯಾಗೆ ಒತ್ತಾದಾ ಸರ್?" ದೊಡ್ಡ ಸಿಸ್ಟರು ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದರು. "ಒಬ್ರು ತೂಕಡಿಸಿದ್ರೆ ಹೋಯ್ತಲ್ಲ."

ಡಾಕ್ಟರು ಸಿಲಿಂಡರಿನ ಮೇಲೆ ಕೈ ಇಟ್ಟರು. ಯಂತ್ರ ನಡೆಸಿದರೆ ವಿಷ ಇಳಿಯುವತನಕ ಉಸಿರು ಗ್ಯಾರಂಟಿ, ಆದರೆ ಪ್ರತಿ ಉಸಿರಿನಲ್ಲೂ ರೋಗ. ನಿಲ್ಲಿಸಿದರೆ ರೋಗ ಹೆಚ್ಚುವುದಿಲ್ಲ, ಆದರೆ ಉಸಿರು ನಮ್ಮ ತೋಳಿನ ಮೇಲೆ. ಕೊನೆಗೆ, "ಬಂದ್ ಮಾಡಾನ," ಎಂದು ತಾವೇ ತಿರುಪು ತಿರುಗಿಸಿದರು. ಗುಳುಗುಳು ನಿಂತಿತು. ಅಷ್ಟರಲ್ಲಿ ಚೀಲ ಕೊಳವೆಗೆ ಸಿಕ್ಕಿತ್ತು.

ಚೀಲ ಒತ್ತುವುದರಲ್ಲಿ ನಮ್ಮೆಲ್ಲರಿಗಿಂತ ಗಂಡನ ಕೈ ಹದವಾಗಿತ್ತು. ನಾವು ಜೋರಾಗಿ ಒತ್ತಿ ದಣಿಯುತ್ತಿದ್ದೆವು. ಅವರು ಟ್ಯೂಬಿಗೆ ಗಾಳಿ ಹಾಕುವವರ ಹಾಗೆ, ಎಷ್ಟು ತುಂಬಿತು ಎಂಬುದನ್ನು ಅಂಗೈಯಲ್ಲೇ ತಿಳಿದು ಬಿಡುತ್ತಿದ್ದರು. ಯಂತ್ರ ಯಾಕೆ ನಿಂತಿತು ಎಂದು ಅವರು ಕೇಳಿದಾಗ ಡಾಕ್ಟರು "ರಿಪೇರಿ ಐತೆ" ಎಂದರು. ಅವರು ತಲೆಯಾಡಿಸಿದರು. ಮಿಷನ್ ಎಂದ ಮೇಲೆ ರಿಪೇರಿ ಇದ್ದದ್ದೇ ಎಂಬಂತೆ. ಅವರು, ಆಯಮ್ಮ, ಇಬ್ಬರು ಸಿಸ್ಟರುಗಳು, ನಾನು. ಅರ್ಧ ಅರ್ಧ ಗಂಟೆಗೆ ಕೈ ಬದಲಾಯಿಸುತ್ತ, ಒತ್ತು, ಬಿಡು, ಒಂದು ಎರಡು ಮೂರು, ಮತ್ತೆ ಒತ್ತು. ಅಷ್ಟೂ ದಿನ ಆಯಮ್ಮ ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ.

ಅಷ್ಟರಲ್ಲಿ ಡಾಕ್ಟರು ದಾವಣಗೆರೆಗೆ ಆಳು ಕಳಿಸಿ ಅಮಿಕಾಸಿನ್ ಎಂಬ ಆಗಿನ ಹೊಸ ಔಷಧಿ ತರಿಸಿದರು. ಅದರ ಬಿಲ್ಲೆ ನನ್ನಲ್ಲಿರಲಿಲ್ಲ. ಆಫೀಸಿನಿಂದ ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮಿಷನ್ ತಂದು, ಸೋಸುವ ಕಾಗದದಲ್ಲಿ ಬಿಲ್ಲೆ ಒತ್ತಿ, ಒಲೆಯಲ್ಲಿ ಬಿಸಿ ಮಾಡಿ ಶುದ್ಧಗೊಳಿಸಿ, ಔಷಧಿಯನ್ನು ಅಳೆದು ತೆಳುಮಾಡಿ ಅದ್ದಿದೆ. ಮರುದಿನ ಆ ಹಸಿರಿನ ನಡುವೆ ಬಿಲ್ಲೆಯ ಸುತ್ತ ಸಣ್ಣ ಬೋಳು ಜಾಗ ಕಂಡಿತು. ದೊಡ್ಡದಲ್ಲ, ಆದರೂ ಬೋಳೇ. ತಟ್ಟೆ ಹಿಡಿದುಕೊಂಡು ವಾರ್ಡಿಗೆ ಓಡಿದೆ. ಲ್ಯಾಬಿನವರು ಓಡಬಾರದು ಎಂದು ನನಗೆ ಕಲಿಸಿದ್ದರು.

ಆರನೆಯ ದಿನ ರೆಪ್ಪೆ ಆಡಿತು. ಕಾಲಿನ ಹೆಬ್ಬೆರಳು, ಆಮೇಲೆ ಕೈ. ಏಳನೆಯ ದಿನ ಚೀಲ ತೆಗೆದರೂ ಎದೆ ತಾನೇ ಏರಿ ಇಳಿಯಿತು. ಕಟ್ಟುಹಾವಿನ ವಿಷ ಮುಗಿದಿತ್ತು. ಡಾಕ್ಟರು ಕೊಳವೆ ತೆಗೆದರು. ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡ ಮೇಲೆ ಅವಳು ಗಂಡನ ಕಡೆ ನೋಡಿ ಒಡೆದ ಗಂಟಲಿನಲ್ಲಿ ಕೇಳಿದಳು, "ಅಂಗಡಿ ತೆಗ್ದೀರಾ?"

"ಇಲ್ಲೇ ಅದೀನಲ್ಲೇ, ಯಾವ ಅಂಗಡಿ?" ಎಂದು ಅವರು ನಗಲು ಹೋಗಿ ಅತ್ತುಬಿಟ್ಟರು. ದೊಡ್ಡ ಸಿಸ್ಟರು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ನಾನೂ ಗೆದ್ದೆವು ಎಂದೇ ತಿಳಿದೆ.

ಗೆದ್ದದ್ದು ಹಾವಿನ ಮೇಲೆ ಮಾತ್ರ. ನಾಲ್ಕು ದಿನ ಎದೆಯೊಳಗೆ ಊದಿದ್ದು ಅಲ್ಲೇ ಇತ್ತು. ಅಮಿಕಾಸಿನ್ ತಟ್ಟೆಯ ಮೇಲೆ ಮಾಡಿದ್ದನ್ನು ಅವಳ ಪುಪ್ಪುಸದಲ್ಲಿ ಮಾಡಲಿಲ್ಲ, ಅಥವಾ ತಡವಾಗಿತ್ತು. ಎಂಟನೆಯ ದಿನ ಜ್ವರ ಮತ್ತೆ ಏರಿತು, ತುಟಿ ನೀಲಿಯಾಯಿತು. ಯಂತ್ರದ ಫಾರ್ಮಲಿನ್ ಘಾಟು ಇನ್ನೂ ಆರಿರಲಿಲ್ಲ, ಹಾಗಾಗಿ ಮತ್ತೆ ಕೊಳವೆ, ಮತ್ತೆ ಚೀಲ. ಒಂಬತ್ತನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಚೀಲ ಗಂಡನ ಕೈಯಲ್ಲಿದ್ದಾಗಲೇ ನಾಡಿ ನಿಂತಿತು. ಡಾಕ್ಟರು ಭುಜ ಮುಟ್ಟಿದ ಮೇಲೂ ಅವರು ಸ್ವಲ್ಪ ಹೊತ್ತು ಒತ್ತುತ್ತಲೇ ಇದ್ದರು.

ಕಾಗದದಲ್ಲಿ ಹಾವು ಕಡಿತ ಎಂದು ಬರೆದಾಗ ನಾನು ಡಾಕ್ಟರ ಎದುರಿಗೇ ಇದ್ದೆ. ಅವರು ತಲೆ ಎತ್ತಲಿಲ್ಲ. "ಹಾವು ಕಡಿದೇ ಬಂದಿದ್ದು ತಾನೆ? ಸುಳ್ಳೇನಲ್ಲ," ಎಂದರು. ಸುಳ್ಳಲ್ಲ, ನಿಜ. ಆದರೆ ಅವಳು ಹಾವಿನಿಂದ ಉಳಿದು ನಮ್ಮಿಂದ ಸತ್ತಳು. ಅವಳಿಗಿಂತ ಮೊದಲಿನ ಮೂವರೂ ಹಾಗೆಯೇ. ನನಗೆ ಡಾಕ್ಟರ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅರ್ಧ, ನಾನೂ ಬಾಯಿ ಬಿಡದೆ ಕೂತದ್ದಕ್ಕೆ.

ಹೊಸ ರಟ್ಟು ಬರೆದೆ. ಮೊದಲ ಪದವೇ ಖಾಲಿ. ಆಯಮ್ಮನಿಗೆ ಓದಿ ಹೇಳಿದೆ. ಅಂದಿನಿಂದ ಅವಳು ದಿನವೂ ಬುಡ್ಡಿ ಬಗ್ಗಿಸುವಾಗ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ಯಾರಲ್ಲಿ ಕ್ಷಮೆ ಕೇಳುತ್ತಿದ್ದಳೋ ಗೊತ್ತಿಲ್ಲ. ಆ ಚಳಿಗಾಲದಲ್ಲಿ ಯಂತ್ರದ ಮಂಚದಿಂದ ಇಬ್ಬರು ನಡೆದು ಮನೆಗೆ ಹೋದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬಸವಾಪಟ್ಟಣದವಳು ತೀರಿಕೊಂಡು ನಲವತ್ತು ದಿನ ಕಳೆದಿರಬಹುದು. ಒಂದು ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ನಿಂತಾಗ ವರಾಂಡದಲ್ಲಿ ಆ ಗಂಡ ಕುಳಿತಿದ್ದರು. ರೋಗಿಗಳನ್ನು ತಳ್ಳುವ ಟ್ರಾಲಿಯನ್ನು ಮಗುಚಿ ಹಾಕಿಕೊಂಡು ಪಾನಾ ಹಿಡಿದು ಚಕ್ರ ಬಿಚ್ಚುತ್ತಿದ್ದರು. ಪಕ್ಕದಲ್ಲಿ ಗ್ರೀಸಿನ ಡಬ್ಬ.

"ಏನು ಸಾಬ್ರೆ ಇದು?"

"ಆವತ್ತು ನೋಡಿದ್ದೆ ಮೇಡಂ, ಇದು ಕಿರ್ ಅಂತಿತ್ತು. ಬೇರಿಂಗ್ ಹೋಗ್ಯಾವೆ. ನೀವೆಲ್ಲ ನಮ್ಮಾಕಿಗೆ ಕೈ ಬತ್ತೋ ಹಂಗೆ ಒತ್ತಿದ್ರಿ. ನನ್ ಕೈಲಾದ್ದು ಇಷ್ಟೇ."

ಅವರು ನಾಲ್ಕು ಟ್ರಾಲಿಗೂ ಬೇರಿಂಗು ತಂದಿದ್ದರು. ಸಂಜೆತನಕ ಮಾಡಿದರು. ಆಯಮ್ಮ ಕೊಟ್ಟ ಟೀ ಕುಡಿದು ಲೋಟ ತಾವೇ ತೊಳೆದಿಟ್ಟರು. ನಾನು ಲ್ಯಾಬಿನ ಒಳಗೆ ಹೋಗುವುದು, ಹೊರಗೆ ಬರುವುದು. ಆ ಮನುಷ್ಯನ ಕೃತಜ್ಞತೆ ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಸಾಮಾನು ಚೀಲಕ್ಕೆ ತುಂಬಿಕೊಳ್ಳುವಾಗ ಅವರೇ ಕೇಳಿದರು.

"ಒಂದು ಮಾತು ಕೇಳ್ಲಾ ಮೇಡಂ? ವಿಷ ಇಳಿದಿತ್ತಲ್ಲ. ಮಾತಾಡಿದ್ಲಲ್ಲ. ಮತ್ಯಾಕೆ ಹೋದ್ಲು?"

ಹೇಳಿದೆ. ನಿಲ್ಲದೆ ಎಲ್ಲ ಹೇಳಿದೆ. ಹಾವಲ್ಲ, ನ್ಯುಮೋನಿಯಾ, ಅದು ಆಸ್ಪತ್ರೆಯದೇ, ಬುಡ್ಡಿಯಲ್ಲಿ ಹಳೆಯ ನೀರು ಚೆಲ್ಲದೆ ಮೇಲೆ ಮೇಲೆ ತುಂಬಿಸಿದ್ದರಿಂದ ಅದರೊಳಗೆ ರೋಗ ಬೆಳೆದಿತ್ತು, ತುಂಬಿಸಿ ಎಂದು ಬರೆದವಳು ನಾನು. ಬೈಯಲಿ, ಹೊಡೆಯಲಿ, ಊರೆಲ್ಲ ಸಾರಲಿ ಎಂದು ನಿಂತೆ. ನನ್ನ ಎದೆ ಹಗುರವಾಗಿತ್ತು. ಆ ಹಗುರವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವರು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದರು. ಆಮೇಲೆ ಹೇಳಿದರು, "ನಾನೂ ತುಂಬಿಸಿದ್ದೆ ಮೇಡಂ."

"ಏನು?"

"ಆಯಮ್ಮ ಊಟಕ್ಕೆ ಹೋದಾಗೆಲ್ಲ. ಗೋಡೆ ಮ್ಯಾಲೆ ಬರ್ದಿತ್ತಲ್ಲ, ನಂಗೆ ನಾಕನೇ ಕ್ಲಾಸ್ ತನಕ ಕನ್ನಡ ಬರ್ತೈತೆ. ನೀರು ಒಂದು ಬೆರಳು ಇಳಿದ್ರೂ ಕ್ಯಾನಿಂದ ಹೊಯ್ತಿದ್ದೆ. ದಿನಕ್ಕೆ ಮೂರ್ನಾಕು ಸಲ."

"ಸಾಬ್ರೆ, ಕೇಳ್ರಿ ಇಲ್ಲಿ. ನೀವು ಈ ಊರಿಗೆ ಬರೋದ್ಕೆ ಎಷ್ಟೋ ತಿಂಗಳು ಮುಂಚೇನೇ ಆ ರೋಗ ಆ ನೀರಿನಲ್ಲಿತ್ತು. ನಿಮಗಿಂತ ಮೊದಲು ಮೂರು ಜನ ಅದರಿಂದಲೇ ಹೋದ್ರು. ನೀವು ಒಂದು ಹನಿ ಹೊಯ್ಯದೇ ಇದ್ದಿದ್ರೂ ಆಗೋದು ಅದೇ. ನೀವು ಹೊಯ್ದದ್ದು ಶುದ್ಧ ನೀರು."

"ಹೂಂ ಮೇಡಂ," ಎಂದರು ಅವರು. "ನೀವು ಹಂಗೇ ಹೇಳ್ಬೇಕು."

"ಸಮಾಧಾನಕ್ಕೆ ಹೇಳ್ತಿಲ್ಲ. ಲ್ಯಾಬಿನ ಪುಸ್ತಕದಲ್ಲಿ ಬರೆದಿದೀನಿ, ತೋರಿಸ್ತೀನಿ ಬರ್ರಿ. ಕ್ಯಾನಿನ ನೀರಲ್ಲಿ ಏನೂ ಇರಲಿಲ್ಲ."

"ಇರ್ಲಿ ಬಿಡ್ರಿ ಮೇಡಂ. ದೊಡ್ ಮನಸ್ಸು ನಿಮ್ದು." ಚೀಲ ಹೆಗಲಿಗೆ ಹಾಕಿಕೊಂಡು ಎರಡು ಹೆಜ್ಜೆ ಹೋದವರು ತಿರುಗಿ ನಿಂತು ತಮ್ಮ ಬಲಗೈಯನ್ನು ನೋಡಿಕೊಂಡರು. ಆಮೇಲೆ ಬಸ್ಸಿಗೆ ಹೊರಟರು.

ಆ ಸಂಜೆ ಅವರಿಗೆ ನಾನು ಎರಡು ನಿಜ ಹೇಳಿದ್ದೆ. ನನಗೆ ಹಗುರವಾಗಲೆಂದು ಹೇಳಿದ್ದನ್ನು ಅವರು ಕೇಳಿದ ಕೂಡಲೇ ನಂಬಿದರು. ಅವರಿಗೆ ಹಗುರವಾಗಲೆಂದು ಹೇಳಿದ್ದನ್ನು ನಂಬಲಿಲ್ಲ.